ಓರಾ ಪೆಟಿಗ್ರೂ ಬಿಡಿಸಿಕೊಂಡು ಬಂದ ನಿದ್ದೆ

ಸೆಪ್ಟೆಂಬರ್ ತಿಂಗಳ ಬೆಳಗು, ಗಂಟೆ ಆರೂಕಾಲು. ಹುಲ್ಲುಗಾವಲಿನ ಮೇಲೆ ಮಂಜು ಇನ್ನೂ ಮಲಗಿಯೇ ಇದೆ. ಹಾರ್ಕ್‌ನೆಸ್ ಸ್ಟೇಷನ್ನಿನ ಹಳಿಯ ಪಕ್ಕ, ಕೈ ಚಾಚಿದರೆ ಗಾಡಿ ತಾಗುವಷ್ಟು ಹತ್ತಿರದಲ್ಲಿ, ಓರಾ ಪೆಟಿಗ್ರೂ ಒಬ್ಬರೇ ನಿಂತಿದ್ದಾರೆ. ಎರಡು ಕೈಯಲ್ಲಿ ಎರಡು ಉದ್ದನೆಯ ಬೆತ್ತದ ಕೋಲು. ಕೋಲಿನ ತುದಿಗೆ ದೊಡ್ಡ ಬಳೆ, ಬಳೆಗೆ ಸಿಕ್ಕಿಸಿದ ತೆಳು ಕಾಗದದಲ್ಲಿ ಮುಂದಿನ ಗಾಡಿಯ ಹಣೆಬರಹ: ಎಲ್ಲಿ ನಿಲ್ಲಬೇಕು, ಯಾರಿಗೆ ದಾರಿ ಬಿಡಬೇಕು.

ಗೋಧಿ ತುಂಬಿದ ಗೂಡ್ಸ್ ಗಾಡಿ ಮಂಜಿನೊಳಗಿಂದ ಮೊದಲು ಸದ್ದಾಗಿ, ಆಮೇಲೆ ಬೆಳಕಾಗಿ, ಕೊನೆಗೆ ಕಬ್ಬಿಣವಾಗಿ ಬರುತ್ತದೆ. ನಿಲ್ಲುವುದಿಲ್ಲ. ಓರಾ ಮೊದಲ ಬಳೆ ಎತ್ತಿ ಹಿಡಿಯುತ್ತಾರೆ. ಎಂಜಿನ್ನಿನಿಂದ ಒಂದು ಕೈ ಹೊರಬಂದು ಅದನ್ನು ಮೊಳಕೈಗೆ ಸಿಕ್ಕಿಸಿಕೊಂಡು ಹೋಗುತ್ತದೆ. ನಲವತ್ತು ಡಬ್ಬಿ ಕಣ್ಣೆದುರು ಹಾಯುತ್ತವೆ. ಕೊನೆಯ ಡಬ್ಬಿಯ ಗಾರ್ಡ್ ಎರಡನೇ ಬಳೆ ಕಿತ್ತುಕೊಂಡು, ಕಾಗದ ಬಿಡಿಸಿಕೊಂಡು, ಕೋಲನ್ನು ಹುಲ್ಲಿಗೆ ಎಸೆಯುತ್ತಾನೆ. ಸದ್ದು ಕರಗುತ್ತದೆ. ಓರಾ ಲಂಗದ ಅಂಚು ಎತ್ತಿ ಹಿಡಿದು, ಎಸೆದ ಕೋಲುಗಳನ್ನು ಹುಡುಕುತ್ತ ಇಬ್ಬನಿಯಲ್ಲಿ ನಡೆಯುತ್ತಾರೆ.

"ಮುದುಕ ಡ್ರೈವರುಗಳು ಹತ್ತಿರಾನೇ ಬಿಸಾಕ್ತಾರೆ, ಪಾಪ. ಹೊಸಬ್ರು ಅರ್ಧ ಮೈಲಿ ಹೊತ್ಕೊಂಡು ಹೋಗಿ ಬಿಸಾಕೋದು. ಹುಡುಕ್ಕೊಳ್ಳಿ ಮಹಾರಾಯ್ತಿ ಅಂತ" ಎಂದು ನಗುತ್ತಾರೆ. "ಆದ್ರೂ ನಂಗಿಷ್ಟ ಈ ನಡಿಗೆ. ಹಕ್ಕಿ ಕೂಗೋದು ಕೇಳತ್ತೆ. ಮೊದಲೆಲ್ಲ ಹಕ್ಕಿ ಕೂಗಿದ್ರೂ ತಂತಿ ಕರೆದಂಗೇ ಕೇಳೋದು ನಂಗೆ."

ಓರಾ ತಂತಿ ಕೆಲಸದವರು. ವಯಸ್ಸು ನಲವತ್ತೆರಡು. ಆರರಿಂದ ಎರಡರವರೆಗೆ ಅವರ ಪಾಳಿ, ಎಂಟೇ ಗಂಟೆ. ಅಷ್ಟರಲ್ಲಿ ಹನ್ನೊಂದು ಗಾಡಿ ಹಾಯುತ್ತವೆ, ಮೂವತ್ತರಷ್ಟು ಆದೇಶ ಬರುತ್ತವೆ. ಒಂದೊಂದನ್ನೂ ಮೂರು ಪ್ರತಿ ತೆಗೆದು, ಕಳಿಸಿದವನಿಗೆ ಅಕ್ಷರ ಬಿಡದೆ ತಿರುಗಿ ಒಪ್ಪಿಸಿ, ಗಂಟೆ ನಿಮಿಷ ಬರೆದು, ತನ್ನ ಗುರುತಿನ ಎರಡಕ್ಷರ ಹಾಕಬೇಕು. ತಂತಿಯ ಕಟಕಟ ಜೋರಾಗಿ ಕೇಳಲೆಂದು ಹಳೆಯ ತಂಬಾಕಿನ ತಗಡಿನ ಡಬ್ಬಿಯೊಂದನ್ನು ಯಂತ್ರದ ಹಿಂದೆ ಸಿಕ್ಕಿಸಿದ್ದಾರೆ. ಹೊರಗಿನವರಿಗೆ ಅದು ತಗಡಿನ ಮೇಲೆ ಆಲಿಕಲ್ಲು ಬಿದ್ದ ಸದ್ದು. ಓರಾಗೆ ಅದರಲ್ಲಿ ಮನುಷ್ಯರ ದನಿ ಕೇಳುತ್ತದೆ. ಕಳಿಸುತ್ತಿರುವವನಿಗೆ ನೆಗಡಿಯೋ, ಹೆಂಡತಿ ಜೊತೆ ಜಗಳವೋ, ಅದೂ ತಿಳಿಯುತ್ತದೆ.

ಅಪ್ಪ ಹಳಿ ರಿಪೇರಿ ಗುಂಪಿನಲ್ಲಿದ್ದವರು. ಅವರು ಸತ್ತ ಮೇಲೆ ಅಮ್ಮ ಸ್ಟೇಷನ್ ಪಕ್ಕದ ಊಟದ ಮನೆಯಲ್ಲಿ ರೊಟ್ಟಿ ಸುಡುತ್ತಿದ್ದರು. ಕಿಟಕಿಯಾಚೆ ಕುಳಿತು ತಂತಿಯ ಮಾತನ್ನು ಕದ್ದು ಕಲಿತ ಹುಡುಗಿ ಹದಿನೆಂಟಕ್ಕೆ ಕೆಲಸಕ್ಕೆ ಸೇರಿದಳು, ಇಪ್ಪತ್ಮೂರಕ್ಕೆ ಹಾರ್ಕ್‌ನೆಸ್ಸಿಗೆ ಬಂದಳು. ಆಗ ಇಲ್ಲಿ ಇಬ್ಬರೇ. ಒಬ್ಬರಿಗೆ ಹಗಲ ಹನ್ನೆರಡು ಗಂಟೆ, ಇನ್ನೊಬ್ಬರಿಗೆ ಇರುಳ ಹನ್ನೆರಡು. ಜೊತೆಯವರು ಕಾಯಿಲೆ ಬಿದ್ದರೆ ಹದಿನಾರು, ಇಪ್ಪತ್ತು, ಲೆಕ್ಕವಿಲ್ಲ. ಸ್ಟೇಷನ್ ಮಾಸ್ತರ್ ಲೆಮ್ಯುಯಲ್ ಸ್ಟ್ರೌಡ್ ಒಳ್ಳೆಯವರೇ, ಆದರೆ ಅವರ ಕಿವಿ ಮಂದ. ತಂತಿಗೆ ಅವರು ಉಪಯೋಗವಿಲ್ಲ.

ಮದುವೆಯ ಮಾತು ಬಂದರೆ ಓರಾ ಕಾಫಿ ಲೋಟದೊಳಗೆ ನೋಡುತ್ತಾರೆ. "ಒಬ್ಬ ಕೇಳಿದ್ದ. ತಂತೀಲೇ. ಇನ್ನೂರು ಮೈಲಿ ಆಚೆ ಸ್ಟೇಷನ್ನೋನು. ಮುಖ ನೋಡಿರ್ಲಿಲ್ಲ, ತಂತಿ ಬಡಿಯೋ ಕೈ ಗೊತ್ತಿತ್ತು. ಬಲು ಮೆತ್ತಗಿನ ಕೈ. 'ನನ್ನ ಮದುವೆ ಆಗ್ತೀಯಾ' ಅಂತ ಬಂತು. ಯೋಚನೆ ಮಾಡ್ತಾ ಮಾಡ್ತಾ ಮೇಜಿನ ಮೇಲೆ ತಲೆ ಇಟ್ಟೆ ನೋಡಿ, ನಿದ್ದೆ ಬಂದ್ಬಿಡ್ತು. ಎದ್ದಾಗ ಅವನ ಪಾಳಿ ಮುಗಿದಿತ್ತು. ಆ ವಾರಾನೇ ಅವನ್ನ ಪರ್ವತದ ಕಡೆಗೆ ವರ್ಗ ಮಾಡಿದ್ರು. ನಾನು ಒಲ್ಲೆ ಅಂದೆ ಅಂತ್ಲೇ ಅಂದ್ಕೊಂಡಿರ್ತಾನೆ."

ಆರು ವರ್ಷದ ಹಿಂದಿನ ಒಂದು ಜುಲೈ ಮಧ್ಯಾಹ್ನದ ಬಗ್ಗೆ ಅವರು ನಗದೆ ಹೇಳುತ್ತಾರೆ. ಜೊತೆಯವನಿಗೆ ಜ್ವರ. ಓರಾ ಕುರ್ಚಿಯಲ್ಲಿ ಕುಳಿತು ಹತ್ತೊಂಬತ್ತು ಗಂಟೆಯಾಗಿತ್ತು. ಕಿಟಕಿಯಾಚೆ ಗೋಧಿ ಬಿಸಿಲಿಗೆ ನೀರಿನ ಹಾಗೆ ಅಲುಗುತ್ತಿತ್ತು. ದನ ತುಂಬಿದ ಗೂಡ್ಸ್ ಗಾಡಿಯನ್ನು ಹಾರ್ಕ್‌ನೆಸ್ಸಿನಲ್ಲಿ ತಡೆಯಬೇಕು, ಎದುರಿನಿಂದ ಪ್ಯಾಸೆಂಜರ್ ಬರುತ್ತಿದೆ ಎಂಬ ಆದೇಶ ಬಂತು. ಓರಾ ಬರೆದುಕೊಂಡರು, ತಿರುಗಿ ಒಪ್ಪಿಸಿದರು, ಎದ್ದು ಹೋಗಿ ಕೆಂಪು ಸಿಗ್ನಲ್ ಎಳೆದರು, ತಣ್ಣೀರು ಕುಡಿದು ಬಂದು ಕುಳಿತರು.

"ಎದ್ದಿದ್ದೂ ಇಲ್ಲ, ಎಳೆದಿದ್ದೂ ಇಲ್ಲ" ಎನ್ನುತ್ತಾರೆ. "ಬರೆದಿದ್ದು, ಒಪ್ಪಿಸಿದ್ದು ನಿಜ. ಕೈ ತಾನೇ ಮಾಡಿತ್ತು. ಮಿಕ್ಕಿದ್ದೆಲ್ಲ ಕನಸು. ನೀರು ತಣ್ಣಗಿತ್ತು ಅನ್ನೋದು ಈಗ್ಲೂ ನಾಲಿಗೆ ಮೇಲಿದೆ ನೋಡಿ."

ಕಣ್ಣು ಬಿಟ್ಟಾಗ ದನದ ಗಾಡಿ ಸ್ಟೇಷನ್ ದಾಟುತ್ತಿತ್ತು. ಓರಾ ಕೆಂಪು ಬಾವುಟ ಕಿತ್ತುಕೊಂಡು ಹಳಿಯ ನಡುವೆ ಓಡಿದರು. ಟಿಮ್ ಗಿಲ್ಹೂಲಿ ಎಂಬ ಐರಿಷ್ ಗಾರ್ಡ್ ಹಿಂದಿನ ಡಬ್ಬಿಯಲ್ಲಿ ನಿಂತು ಬೆವರೊರೆಸಿಕೊಳ್ಳುತ್ತಿದ್ದವನು ಅವರನ್ನು ನೋಡಿದ, ಗಾಳಿ ಬ್ರೇಕು ಎಳೆದ. ಹಳೆಯ ಕಾಲವಾಗಿದ್ದರೆ ಡಬ್ಬಿಯಿಂದ ಡಬ್ಬಿಗೆ ಹಾರಿ ಕೈಯಲ್ಲೇ ಬ್ರೇಕು ತಿರುಗಿಸಬೇಕಿತ್ತು. ಗಾಳಿ ಬ್ರೇಕು ಹಾಕಿಸಿ ಎಂದು ಸರ್ಕಾರ ಕಂಪನಿಗಳ ಕಿವಿ ಹಿಂಡಿ ಕೆಲವೇ ವರ್ಷವಾಗಿತ್ತು. ಗಾಡಿ ನಿಂತಿತು, ಹಿಂದಕ್ಕೆ ಬಂತು, ಪಕ್ಕದ ಹಳಿ ಸೇರಿತು. ಎಂಟು ನಿಮಿಷಕ್ಕೆ ಪ್ಯಾಸೆಂಜರ್ ಹಾದುಹೋಯಿತು. ಕಿಟಕಿಯಲ್ಲಿ ಯಾವಳೋ ಒಬ್ಬಳು ಪೀಚ್ ಹಣ್ಣು ತಿನ್ನುತ್ತಿದ್ದಳು. ಓರಾ ಕೈಯಲ್ಲಿದ್ದ ಬಾವುಟ ನೋಡಿ, ತನಗೇ ಬೀಸುತ್ತಿದ್ದಾರೆಂದುಕೊಂಡು ನಗುತ್ತ ಕೈ ಬೀಸಿದಳು.

ಗಿಲ್ಹೂಲಿ ಬಂದು ಓರಾರನ್ನು ಬೆಂಚಿನ ಮೇಲೆ ಕೂರಿಸಿದ. "ಅಳ್ಬೇಡ ಕಣವ್ವ. ಎತ್ತುಗಳು ಹಾರ್ಕ್‌ನೆಸ್ ಹುಲ್ಲೇ ಬೇಕು ಅಂತ ಹಠ ಹಿಡಿದ್ವು, ವಾಪಸ್ ತಂದೆ ಅಂತ ಬರೀತೀನಿ. ನೀನೂ ಬಾಯಿ ಬಿಡ್ಬೇಡ."

ಇಬ್ಬರೂ ಬಾಯಿ ಬಿಡಲಿಲ್ಲ. ಆದರೆ ಓರಾಗೆ ಅಂದಿನಿಂದ ತಮ್ಮ ಎಚ್ಚರದ ಮೇಲೇ ನಂಬಿಕೆ ಹೋಯಿತು. ಕೆಟಲ್ ಮುಟ್ಟಿ ನೋಡುವರು, ಸಿಗ್ನಲ್ಲಿನ ಸರಪಳಿ ಮುಟ್ಟಿ ನೋಡುವರು, ಇದು ನಿಜವೋ ಕನಸೋ ಎಂದು. ಕೆಲಸದ ಹೊತ್ತಿಗೆ ಮಿತಿ ಹಾಕುವ ಕಾನೂನಿನ ಮಾತು ವಾಷಿಂಗ್ಟನ್ನಿನಲ್ಲಿ ಎದ್ದಾಗ, ಸ್ಟೇಷನ್ನಿನ ತಂತಿಯವರೆಲ್ಲ 'ನಮಗೆ ಈ ಕಾನೂನು ಬೇಡ' ಎಂದು ಸಹಿ ಮಾಡಲಿ ಎಂದು ಕಂಪನಿ ಕಾಗದ ಕಳಿಸಿತು. ಓರಾ ಆ ಕಾಗದದ ಬೆನ್ನ ಮೇಲೆಯೇ ವಾಷಿಂಗ್ಟನ್ನಿಗೆ ಪತ್ರ ಬರೆದರು: ನಿದ್ದೆಯಲ್ಲೂ ನನ್ನ ಕೈ ಆದೇಶ ಬರೆಯಬಲ್ಲದು, ಇದನ್ನು ಜಾಣತನವೆಂದು ದಯವಿಟ್ಟು ತಿಳಿಯಬೇಡಿ.

ಕಾನೂನು ಬಂತು. ಹಗಲಿರುಳು ತೆರೆದಿರುವ ಸ್ಟೇಷನ್ನಿನಲ್ಲಿ ತಂತಿಯವರಿಗೆ ಒಂಬತ್ತೇ ಗಂಟೆ. ಬರೀ ಹಗಲು ತೆರೆದಿರುವ ಕಡೆ ಹದಿಮೂರರವರೆಗೂ ನಡೆಯುತ್ತದೆ. ಕಂಪನಿ ಒಂದು ಹಲಗೆ ತಂದು ಮೊಳೆ ಹೊಡೆಯಿತು: 'ಹನ್ನೆರಡರಿಂದ ಮೂರು ಬಂದ್.' ಮೂರು ಗಂಟೆ ಮುಚ್ಚುವ ಸ್ಟೇಷನ್ ಹಗಲಿರುಳು ತೆರೆದಿರುವುದು ಹೇಗಾದೀತು ಎಂಬುದು ಕಂಪನಿಯ ವಾದ. ಹಲಗೆಯೇನೋ ಬಂದ್ ಎಂದಿತು, ತಂತಿ ಮಾತ್ರ ಹನ್ನೆರಡೂವರೆಗೂ ಕರೆಯಿತು, ಎರಡಕ್ಕೂ ಕರೆಯಿತು. ಹಲಗೆಯ ಹಿಂದೆ ಕುಳಿತು ಓರಾ ಬರೆದುಕೊಂಡರು.

ಆ ಶರತ್ಕಾಲದಲ್ಲಿ ಸರ್ಕಾರದ ತನಿಖೆಯವರು ಬರುತ್ತಾರೆಂಬ ಸುದ್ದಿ ಬಂತು. ಹಿಂದಿನ ದಿನ ಸ್ಟ್ರೌಡ್ ಮಾಸ್ತರರು ಅಂಗಡಿಯ ಏಸಾ ಪ್ರೂಯಿಟ್‌ನನ್ನು ಕರೆದುಕೊಂಡು ಬಂದರು.

"ನೋಡು ಓರಾ, ಮೂರನೇ ಆಳು ಇಡೋ ಬದಲು ಸ್ಟೇಷನ್ನೇ ಮುಚ್ತೀವಿ ಅಂತಿದಾರೆ ಕಂಪನಿಯೋರು" ಎಂದರು ಮಾಸ್ತರರು.

"ಸ್ಟೇಷನ್ ಹೋದ್ರೆ ಊರು ಹೋಯ್ತು" ಎಂದ ಪ್ರೂಯಿಟ್. "ನಿನ್ನ ನಿದ್ದೆಗೋಸ್ಕರ ಊರೆಲ್ಲ ಎದ್ದು ಕೂರ್ಬೇಕಾ?"

"ನಾನು ಮಲಗಿದ್ರೆ ಯಾರು ಸಾಯ್ತಾರೆ ಅಂತ ಯೋಚ್ನೆ ಮಾಡಿದೀಯಾ, ಏಸಾ?"

"ಇಷ್ಟು ವರ್ಷ ಯಾರೂ ಸತ್ತಿಲ್ವಲ್ಲ."

ಓರಾ ತಂತಿಯ ಕಡೆ ತಿರುಗಿ ಕುಳಿತರು. ಮರುದಿನ ಹ್ಯಾಸ್ಕೆಲ್ ಎಂಬ ತನಿಖೆಯ ಅಧಿಕಾರಿ ಬಂದಾಗ, ಗೋಡೆಯ ಕೊಕ್ಕೆಗೆ ಸಿಕ್ಕಿಸಿದ್ದ ಆದೇಶಗಳ ಪ್ರತಿಯನ್ನೆಲ್ಲ ಕೊಕ್ಕೆ ಸಮೇತ ಇಳಿಸಿ ಅವರ ಮುಂದಿಟ್ಟರು. ಬಂದ್ ಎಂಬ ಹೊತ್ತಿನ ಒಂದೊಂದು ಕಾಗದದ ಮೇಲೂ ಗಂಟೆ, ನಿಮಿಷ, ಅವರ ಎರಡಕ್ಷರ. ಹ್ಯಾಸ್ಕೆಲ್ ಓದಿದರು, ಓದುತ್ತಲೇ ಹೋದರು. ಓರಾ ಅವರಿಗೆ ಕಾಫಿ ಕಾಸಿಕೊಟ್ಟರು.

ಮುಂದಿನ ವಸಂತದಲ್ಲಿ ಮೊಕದ್ದಮೆ ಕೋರ್ಟಿಗೆ ಬಂತು. ಕಂಪನಿಯ ವಕೀಲರು ದನಿ ಏರಿಸುವವರಲ್ಲ.

"ಮಿಸ್ ಪೆಟಿಗ್ರೂ, ಹಾರ್ಕ್‌ನೆಸ್ಸಲ್ಲಿ ಹದಿನೇಳು ವರ್ಷ. ನಿಮ್ಮ ಹೆಸರಲ್ಲಿ ಒಂದಾದ್ರೂ ತಪ್ಪು ದಾಖಲಾಗಿದೆಯಾ?"

"ಇಲ್ಲ."

"ಅಂದ್ಮೇಲೆ ಹನ್ನೆರಡು ಗಂಟೆ, ಹದಿನಾರು ಗಂಟೆ ಕೂತ್ರೂ ನಿಮ್ಮ ಕೆಲಸ ಏನೂ ಕೆಟ್ಟಿಲ್ಲ."

ಹೌದು ಎಂದುಬಿಟ್ಟರೆ ಮಾತು ಮುಗಿಯುತ್ತಿತ್ತು. ಹದಿನೇಳು ವರ್ಷದ ಒಳ್ಳೆಯ ಹೆಸರು ಉಳಿಯುತ್ತಿತ್ತು. ಪೀಚ್ ತಿನ್ನುತ್ತಿದ್ದವಳ ಮುಖ ಕಣ್ಣ ಮುಂದೆ ಬಂತು ಎನ್ನುತ್ತಾರೆ ಓರಾ. ಕೋರ್ಟಿನ ಕಿಟಕಿ ಗಾಡಿಯ ಕಿಟಕಿಯಂತೆ ಕಂಡಿತಂತೆ. ಕನಸಿರಬಹುದೇ ಎಂದು ಕಟಕಟೆಯ ಮರವನ್ನೊಮ್ಮೆ ಮುಟ್ಟಿ ನೋಡಿಕೊಂಡರು.

"ದಾಖಲಾಗಿಲ್ಲ ಅಂದೆ ಸ್ವಾಮಿ. ತಪ್ಪು ಆಗಿಲ್ಲ ಅನ್ಲಿಲ್ಲ."

ಆಮೇಲೆ ಎಲ್ಲವನ್ನೂ ಹೇಳಿದರು. ಗೋಧಿ, ಬಿಸಿಲು, ಕನಸಿನಲ್ಲಿ ಎಳೆದ ಸಿಗ್ನಲ್, ಕನಸಿನಲ್ಲಿ ಕುಡಿದ ನೀರು. ಗಾಡಿ ನಿಲ್ಲಿಸಿದ ಗಾರ್ಡ್ ಯಾರೆಂದು ವಕೀಲರು ಕೇಳಿದರು. ಓರಾ ಹೆಸರು ಹೇಳಲೊಲ್ಲೆ ಎಂದರು. ಹೇಳಲೇಬೇಕೆಂದು ವಕೀಲರು ಪಟ್ಟು ಹಿಡಿದಾಗ ಹಿಂದಿನ ಬೆಂಚಿನಿಂದ ಯಾರೋ ಕೆಮ್ಮಿ ಎದ್ದರು.

"ಅವಳನ್ನ ಯಾಕೆ ಗೋಳು ಹುಯ್ಕೋತೀರಿ? ನಾನೇ. ಟಿಮ್ ಗಿಲ್ಹೂಲಿ. ಇಲ್ಲೇ ಇದೀನಲ್ಲ."

ಕಂಪನಿ ಇಬ್ಬರನ್ನೂ ಮನೆಗೆ ಕಳಿಸಿತು. ಓರಾ ಹದಿನಾಲ್ಕು ತಿಂಗಳು ಊಟದ ಮನೆಯಲ್ಲಿ ಅಮ್ಮ ನಿಂತಿದ್ದ ಜಾಗದಲ್ಲೇ ನಿಂತು ರೊಟ್ಟಿ ಸುಟ್ಟರು. ಪ್ರೂಯಿಟ್ ತನ್ನ ಅಂಗಡಿಯಲ್ಲಿ ಅವರಿಗೆ ಸಾಮಾನು ಕಟ್ಟಿಕೊಡುತ್ತಿದ್ದ, ಮಾತಾಡಿಸುತ್ತಿರಲಿಲ್ಲ. ಆದರೆ ಆ ತಿಂಗಳುಗಳ ಬಗ್ಗೆ ಕೇಳಿದರೆ ಓರಾ ಬೇರೆಯದೇ ಹೇಳುತ್ತಾರೆ. "ಮಲಗಿದೆ ಕಣ್ರೀ. ಮೊದಲ ವಾರ ಮಲಗಿದ್ದೇ ಮಲಗಿದ್ದು. ಸತ್ತುಹೋದ ಅಪ್ಪ ಕನಸಲ್ಲಿ ಬಂದ್ರು, ಇಪ್ಪತ್ತು ವರ್ಷ ಆದ್ಮೇಲೆ. 'ಎಲ್ಲಿದ್ರಿ ಇಷ್ಟು ದಿನ' ಅಂದೆ. 'ನೀನು ಮಲಗಿದ್ರೆ ತಾನೇ ನಾನು ಬರೋದು' ಅಂದ್ರು."

ತೀರ್ಪು ಕಂಪನಿಯ ವಿರುದ್ಧ ಬಂತು. ದಂಡ ಬಿತ್ತು, ಹಲಗೆ ಇಳಿಯಿತು. ಸ್ಟೇಷನ್ ಮುಚ್ಚಲಿಲ್ಲ, ಆ ದಾರಿಯಲ್ಲಿ ಅಷ್ಟು ಗಾಡಿ ಓಡುವಾಗ ಮುಚ್ಚುವುದು ಸಾಧ್ಯವೂ ಇರಲಿಲ್ಲ. ಮೂರು ಪಾಳಿಗೆ ಮೂರು ಜನ ಎಂದಾಯಿತು, ಹೊಸ ಸಂಸಾರಗಳು ಬಂದವು. ತಂತಿ ನೌಕರರ ಸಂಘ ಬಿಡದೆ ಹೋರಾಡಿ ಹೋದ ವರ್ಷ ಓರಾರನ್ನು ಮತ್ತೆ ಕುರ್ಚಿಗೆ ತಂದಿತು. ಗಿಲ್ಹೂಲಿಗೂ ಕರೆ ಹೋಗಿತ್ತು. ಅರವತ್ತೊಂದು ದಾಟಿದೆ, ನಿಂತ ನೆಲ ಅಲುಗದಿದ್ದರೆ ಎಷ್ಟು ಸುಖವೆಂದು ಈಗ ಗೊತ್ತಾಗಿದೆ ಎಂದು ಅವನು ಬರಲಿಲ್ಲ, ಜೇನು ಸಾಕಿಕೊಂಡಿದ್ದಾನೆ.

ಎರಡು ಗಂಟೆಗೆ ಮುಂದಿನ ಪಾಳಿಯವನು ಬರುತ್ತಾನೆ. ಓರಾ ಬಾಕಿ ಆದೇಶಗಳನ್ನು ಓದಿ ಒಪ್ಪಿಸಿ, ಟೋಪಿ ಕಟ್ಟಿಕೊಂಡು ಹೊರಬೀಳುತ್ತಾರೆ. ಪ್ರೂಯಿಟ್ ಅಂಗಡಿಯ ಬಾಗಿಲಲ್ಲಿ ನಿಂತು, "ಏನು ಓರಾ, ಮಲಗೋಕ್ಕೆ ಹೊರಟೆಯಾ?" ಎನ್ನುತ್ತಾನೆ. ಅದು ಕುಹಕವೋ ಸಲಿಗೆಯೋ ಅವನಿಗೇ ಈಗ ಗೊತ್ತಿಲ್ಲ.

"ಹೂಂ, ನಿನಗೂ ಸ್ವಲ್ಪ ತರ್ಲಾ?" ಎನ್ನುತ್ತಾರೆ ಓರಾ.

ಮನೆಯ ಹಿಂದಿನ ಕಾಡು ಪ್ಲಮ್ ಗಿಡಗಳ ನೆರಳಿಗೆ ಕುರ್ಚಿ ಎಳೆದುಕೊಂಡು ಕೂರುತ್ತಾರೆ. ಗಾಳಿಗೆ ಹುಲ್ಲು ಒಮ್ಮೆ ಬಾಗುತ್ತದೆ, ಒಮ್ಮೆ ಏಳುತ್ತದೆ. ಇಷ್ಟು ವರ್ಷ ಸಾವಿರಾರು ಗಾಡಿ ಕಳಿಸಿಕೊಟ್ಟವರು ಸ್ವತಃ ಎಲ್ಲಿಯವರೆಗೆ ಹೋಗಿದ್ದಾರೆ ಎಂದು ಕೇಳಿದರೆ, ಕೋರ್ಟಿನವರೆಗೆ ಎನ್ನುತ್ತಾರೆ. ಏನಾದರೂ ಆಸೆಯಿದೆಯೇ?

"ಒಂದ್ಸಲ ಸಮುದ್ರದ ತನಕ ಗಾಡೀಲಿ ಹೋಗ್ಬೇಕು. ಸಮುದ್ರ ನೋಡೋಕ್ಕೇ ಅಂತೇನಿಲ್ಲ" ಎನ್ನುವಾಗ ಅವರ ಕಣ್ಣು ಆಗಲೇ ಅರ್ಧ ಮುಚ್ಚಿದೆ. "ದಾರಿ ಉದ್ದಕ್ಕೂ ಕಿಟಕಿಗೆ ಒರಗಿ ಮಲಗ್ಬಿಡ್ಬೇಕು. ಭಯ ಏನಿದೆ ಈಗ? ಒಂದೊಂದು ಸ್ಟೇಷನ್ನಲ್ಲೂ ಯಾರೋ ಒಬ್ರು ಚೆನ್ನಾಗಿ ನಿದ್ದೆ ಮಾಡಿ ಎದ್ದು ಕೂತಿರ್ತಾರಲ್ಲ."