ಹಸಿರು ಬಳೆ ತೊಟ್ಟ ಹರಿಗೋಲು

ತುಂಗಭದ್ರೆಯ ಹಿನ್ನೀರಿನಲ್ಲಿ ಹರಿಗೋಲು ಹಾಕುವವರೆಲ್ಲ ನೀರನ್ನು ಅಡ್ಡ ದಾಟುವವರೇ. ಈ ದಂಡೆಯಲ್ಲಿ ಹತ್ತಿ ಆ ದಂಡೆಯಲ್ಲಿ ಇಳಿಯುವುದು, ಇಲ್ಲವೆ ಬಲೆ ಬಿಟ್ಟು ತಿರುಗಿ ಬರುವುದು. ದಂಡೆಯ ಗುಂಟ ಊರಿಂದೂರಿಗೆ ಸುತ್ತು ಹಾಕಲು ಯಾರೂ ಹೋಗುವುದಿಲ್ಲ. ಬಿದಿರು ಹೆಣೆದು ಡಾಂಬರು ಬಳಿದ ಆ ದುಂಡನೆಯ ಬುಟ್ಟಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಗಾಳಿ ಒಂದು ಏಟು ಕೊಟ್ಟರೆ ಇದ್ದಲ್ಲೇ ಗಿರಗಿರ ತಿರುಗುತ್ತದೆ. ತಂಬ್ರಹಳ್ಳಿ ಕಡೆಯ ಹಂಪಮ್ಮ ಅದರಲ್ಲೇ ಹನ್ನೊಂದು ಊರು ಸುತ್ತಲು ಹೊರಟಳು. ಆಗ ಅವಳಿಗೆ ಐವತ್ತೆಂಟು.

ಹುಟ್ಟು ಹಾಕುವುದನ್ನು ಅಪ್ಪನಿಂದ ಕಲಿತವಳು. ಗಂಡ ಸತ್ತ ವರ್ಷ ಬಲೆಯನ್ನೂ ತಾನೇ ಹಿಡಿದಳು. ಮೀನು ಮಾರಿ ಇಬ್ಬರು ಹೆಣ್ಣುಮಕ್ಕಳನ್ನು ದಡ ಮುಟ್ಟಿಸಿದಳು. ಯಾರ ಮುಂದೂ ಕೈ ಒಡ್ಡಿದವಳಲ್ಲ. ಒಡ್ಡುವವರನ್ನು ಕಂಡರೆ ಆಗದವಳು ಕೂಡ.

ಇಪ್ಪತ್ತೆರಡು ವರ್ಷ ಅವಳ ಹರಿಗೋಲಿನಲ್ಲಿ ಒಂದು ಮಗ್ಗುಲಿಗೆ ಮೀನಿನ ಬುಟ್ಟಿ, ಇನ್ನೊಂದು ಮಗ್ಗುಲಿಗೆ ಬಳೆಗಾರ್ತಿ ಸುಲ್ತಾನಬಿ. ಅವಳೂ ಗಂಡನಿಲ್ಲದವಳು. ದಂಡೆಯ ಊರುಗಳಲ್ಲಿ ಅವಳ ಕೈಯಿಂದ ಬಳೆ ಇಡಿಸಿಕೊಳ್ಳದೆ ಹಸೆಮಣೆ ಏರಿದ ಹೆಣ್ಣು ಕಡಿಮೆ.

"ನಿನ್ನ ಮೀನಿನ ನಾತಕ್ಕ ನನ್ನ ಗಾಜಿನ ಬಳಿ ಯಾರೂ ಮುಟ್ಟವಲ್ಲರು ನೋಡು," ಎಂದು ಸುಲ್ತಾನಬಿ ಮೂಗು ಮುಚ್ಚುವಳು.

"ಹೌದೌದು, ನಿನ್ನ ಬಳಿ ಸಪ್ಪಳಕ್ಕ ನನ್ನ ಮೀನೆಲ್ಲ ಹೊಸಪೇಟಿ ಮುಟ್ಯಾವ. ಸುಮ್ನ ಕುಂದ್ರು," ಎಂದು ಹಂಪಮ್ಮ ಹುಟ್ಟು ಎಳೆಯುವಳು.

ಒಂದು ಬೆಳಿಗ್ಗೆ ದಂಡೆಯ ರಾಡಿಯಲ್ಲಿ ಸುಲ್ತಾನಬಿ ಜಾರಿ ಬಿದ್ದಳು. ಸೊಂಟದ ಕೀಲು ಮುರಿಯಿತು. ದಾವಣಗೆರೆಯಲ್ಲಿ ತೋರಿಸಿದಾಗ ಕೀಲು ಬದಲಿಸಬೇಕು, ಹದಿನೈದು ದಿನದೊಳಗೆ ಆಗಬೇಕು, ತಡವಾದರೆ ಮತ್ತೆ ನಡೆಯುವುದು ಕಷ್ಟ ಎಂದರು. ಅಲ್ಲಿಯವರೆಗೆ ಮೂಳೆ ಅಲುಗದಿರಲೆಂದು ಕಾಲಿಗೆ ಇಟ್ಟಿಗೆ ತೂಗುಬಿಟ್ಟು ಮನೆಗೆ ಕಳಿಸಿದರು. ಮಗ ಖಲಂದರ ಪಂಪ್‌ಸೆಟ್ ರಿಪೇರಿ ಮಾಡುವವನು. ಖರ್ಚಿನ ಅರ್ಧ ಹೊಂದಿಸಿದ. ಉಳಿದರ್ಧಕ್ಕೆ ದಾರಿ ಕಾಣಲಿಲ್ಲ.

"ನಾ ದಂಡಿ ಸುತ್ತಿ ಬರ್ತೀನಿ," ಎಂದಳು ಹಂಪಮ್ಮ.

"ನನ್ನ ಹೆಸರ್ಲೆ ಬೇಡಾಕ ಹೊಂಟಿಯೇನ?" ಸುಲ್ತಾನಬಿ ಮಲಗಿದಲ್ಲಿಂದಲೇ ಸಿಡುಕಿದಳು.

"ಬೇಡಂಗಿಲ್ಲ. ಬಿದ್ದಾಳ ಅಂತ ಹೇಳ್ತೀನಿ, ಅಷ್ಟ. ಕೇಳಿದವ್ರಿಗೆ ಕಿವಿ ಇದ್ರ ಕೊಡ್ತಾರ."

ಹರಿಗೋಲು ಬಳೆಗಾರ್ತಿಯ ಸಲುವಾಗಿ ಬಂದಿದೆ ಎಂದು ದೂರದಿಂದಲೇ ಗೊತ್ತಾಗಲಿ ಎಂದು ಹಂಪಮ್ಮ ಸುಲ್ತಾನಬಿಯ ಬಳೆ ಗಂಟಿನಿಂದ ನಾಲ್ಕು ಡಜನ್ ಹಸಿರು ಬಳೆ ತೆಗೆದು ಅಂಚಿನ ಸುತ್ತ ಕಟ್ಟಿದಳು. ತಪ್ಪಿದ್ದು ಅಲ್ಲೇ.

ಮೊದಲ ಊರಿನ ದಂಡೆಗೆ ಹತ್ತುತ್ತಲೇ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ನಿಂತರು. ಹಂಪಮ್ಮ ಸುದ್ದಿ ಹೇಳಿದಳು. ಅವರು ಕೇಳಿದರು, ಮರುಗಿದರು. ಆದರೆ ಕಣ್ಣೆಲ್ಲ ಬಳೆ ತೊಟ್ಟ ಹರಿಗೋಲಿನ ಮೇಲೆ. ಎಲ್ಲರಿಗಿಂತ ಹಿರಿಯಳಾದ ತಿಪ್ಪೇರುದ್ರಮ್ಮ ಮನೆಗೆ ಹೋಗಿ, ಕುಪ್ಪಸದ ಕಣದಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಅರಿಷಿಣದ ಕೊಂಬು, ಎಲೆ ಅಡಿಕೆ ತಂದು ಹರಿಗೋಲಿನ ನಡುವೆ ಇಟ್ಟಳು.

"ಯಕ್ಕಾ, ಇದ್ಯಾಕಬೇ? ನಾ ಬಂದಿದ್ದು ದವಾಖಾನಿ ಖರ್ಚಿಗೆ," ಎಂದಳು ಹಂಪಮ್ಮ.

"ಗಂಗವ್ವ ಹಸರ ಬಳಿ ಇಟಗೊಂಡು ನಮ್ಮ ದಂಡಿಗೆ ಬಂದಾಳ. ಬರೇ ಉಡಿಲೇ ಕಳಸಾಕ ನಮಗೇನು ಬ್ಯಾನಿ?"

ಹರಿಗೋಲೇ ಅವರ ಕಣ್ಣಿಗೆ ಗಂಗವ್ವ, ನೀರಿನ ತಾಯಿ. ಹಸಿರು ಬಳೆ ತೊಟ್ಟು ಬಂದದ್ದು ಹೆಂಗಸಾಗಲಿ, ಹರಿಗೋಲಾಗಲಿ, ಅದು ತವರಿಗೆ ಬಂದ ಮಗಳು. ಉಡಿ ತುಂಬಲೇಬೇಕು. ಸುದ್ದಿ ಮೊಬೈಲಿನಲ್ಲಿ ಅವಳಿಗಿಂತ ಮುಂದೆ ಓಡಿತು. ಎರಡನೆಯ ಊರಿನಲ್ಲಿ ಮೊರ ಹಿಡಿದೇ ಕಾದಿದ್ದರು. ನಾಲ್ಕನೆಯ ಊರಿನಲ್ಲಿ ಬಾಜಾ. ರೊಕ್ಕವೆಂದರೆ ಉಡಿಯೊಳಗೆ ಇಟ್ಟ ಒಂದೊಂದು ನಾಣ್ಯ ಮಾತ್ರ. ಬಳೆ ಬಿಚ್ಚೋಣವೆಂದರೆ, ಮುತ್ತೈದೆಯ ಕೈ ಬರಿದು ಮಾಡಿದಂತಾಗುತ್ತದೆಂದು ಹೆಂಗಸರು ಮುಟ್ಟಗೊಡಲಿಲ್ಲ.

ಐದನೆಯ ದಿನ, ಏಳನೆಯ ಊರಿನಲ್ಲಿ, ನೀರು ಅಂಚಿಗೆ ನಾಲ್ಕು ಬೆರಳು ಕೆಳಗಿತ್ತು. ಅಕ್ಕಿಯ ಗಂಟುಗಳ ನಡುವೆ ಕಾಲಿಡಲು ಜಾಗವಿಲ್ಲ. ಕಿರಾಣಿ ಅಂಗಡಿಯ ಗುರುಸಂಗಪ್ಪ ದಂಡೆಗೆ ಇಳಿದು ಬಂದು ಗಂಟುಗಳನ್ನು ಕಣ್ಣಲ್ಲೇ ತೂಗಿದ.

"ಹಂಪಮ್ಮ, ನೀರಾಗ ಮುಳುಗಿಸೋ ಬದ್ಲಿ ನನಗ ಹಾಕು. ಅಕ್ಕಿ, ಕೊಬ್ಬರಿ ಎಲ್ಲ ತಗೊಂತೀನಿ. ಈಗಿಂದೀಗ ರೊಕ್ಕ."

ಹಂಪಮ್ಮ ಗಂಟುಗಳನ್ನು ಎಣಿಸಿದಳು. ಆ ರೊಕ್ಕ ಬಂದರೆ ಸುಲ್ತಾನಬಿಯ ಸೊಂಟದ ದಾರಿ ಮುಕ್ಕಾಲು ಸವೆಯುತ್ತಿತ್ತು. ಆದರೆ ಉಡಿಯ ಅಕ್ಕಿಯನ್ನು ಮಾರುವುದಿಲ್ಲ. ತುಂಬಿಸಿಕೊಂಡವರ ಮನೆಯಲ್ಲೇ ಅದು ಬೇಯಬೇಕು.

"ಉಡಿ ಮಾರಿದಾಕಿ ಅನ್ನಿಸಿಕೊಂಡು ಈ ದಂಡಿಗೆ ಮತ್ತ ಹೆಂಗ ಬರ್ಲಿ, ಶೆಟ್ರ?"

"ಯಾರಿಗೆ ಗೊತ್ತಾಕ್ಕೈತಿ?"

"ನನಗ ಗೊತ್ತಾತಲ್ಲ."

ಇನ್ನೂ ನಾಲ್ಕು ಊರು ಉಳಿದಿದ್ದವು. ಇನ್ನೊಂದು ಗಂಟು ಬಿದ್ದರೆ ಹರಿಗೋಲು ತಾಳುತ್ತಿರಲಿಲ್ಲ. ಹಂಪಮ್ಮ ತಿರುಗಿಸಿಬಿಟ್ಟಳು. ಎರಡು ದಿನ ಎಳೆದು ಊರು ಮುಟ್ಟಿದಳು. ಖಲಂದರ ಗಂಟುಗಳನ್ನು ಹೊತ್ತು ತಾಯಿಯ ಮಂಚದ ಸುತ್ತ ಒಟ್ಟಿದ.

ಸುಲ್ತಾನಬಿ ನೋಡಿದಳು. "ರೊಕ್ಕ ತರ್ತೀನಿ ಅಂದಾಕಿ ಅಕ್ಕಿ ಗೋಡಾನ ತಂದಿ. ಇದನ್ನೇನು ನನ್ನ ಸೊಂಟಕ್ಕ ಮೆತ್ತಲೇನ?" ಎಂದು ನಕ್ಕಳು. ನಕ್ಕಾಗ ಕೀಲು ನೋವೆದ್ದು ಬೈದಳು.

ಆಪರೇಷನ್ನಿನ ಗಡುವಿಗೆ ಐದು ದಿನ ಉಳಿದಿತ್ತು.

ಮಾರನೆಯ ದಿನ ಬಸ್ಸಿನಿಂದ ಇಪ್ಪತ್ತು ಮೂವತ್ತು ಹೆಂಗಸರು ಇಳಿದರು. ಹಂಪಮ್ಮ ಮುಟ್ಟದೆ ಬಿಟ್ಟ ಎಂಟನೆಯ ಊರಿನವರು. ಮುಂದಿದ್ದ ನಾಗಲಿಂಗಮ್ಮ ಬಾಗಿಲಲ್ಲೇ ಶುರುಮಾಡಿದಳು:

"ಏಳು ಊರಿಗೆ ಹೋದ ಗಂಗವ್ವಗ ನಮ್ಮೂರಂದ್ರ ಹೊಲಸಾತೇನ? ನಾವೇನು ಅಕ್ಕಿ ಕಾಣದವ್ರ?"

"ಅಕ್ಕಿ ಅಂದ್ರ ಅಂಜಿಕಿ ಬರ್ತೈತಿ, ತಾಯಿ," ಎಂದಳು ಹಂಪಮ್ಮ.

ಸುಲ್ತಾನಬಿ ದಿಂಬಿಗೆ ಆನಿಕೊಂಡಳು. "ಹಂಪಿ, ಒಲಿ ಹಚ್ಚು. ದಂಡಿ ಮ್ಯಾಲಿನ ಉಡಿ, ದಂಡಿಯವ್ರೇ ಉಣ್ಣಲಿ. ಖಲಂದರ, ನನ್ನ ಬಳಿ ಗಂಟು ತಾ. ನಾಗಲಿಂಗಕ್ಕ, ಕೈ ಕೊಡು. ಬರಿಗೈಲೆ ಹೋಗಬ್ಯಾಡ್ರಿ ಯಾರೂ."

ಹೆಂಗಸರು ಒಬ್ಬೊಬ್ಬರಾಗಿ ಮಂಚದ ಮಗ್ಗುಲಲ್ಲಿ ಕುಳಿತು ಕೈ ಚಾಚಿದರು. ಕಾಲಿಗೆ ಇಟ್ಟಿಗೆ ತೂಗುತ್ತಿರುವವಳಿಂದ ಬಳೆ ಇಡಿಸಿಕೊಂಡು ಬರೀ ಬಳೆಯ ಬೆಲೆ ಕೊಡಲು ಯಾರಿಗೂ ಕೈ ಬರಲಿಲ್ಲ. ಮಿಕ್ಕ ಮೂರು ಊರಿನವರೂ ಮರುದಿನಗಳಲ್ಲಿ ಬಂದರು. ಆಮೇಲೆ ಉಡಿ ತುಂಬಿದ್ದ ಊರಿನವರೂ ಬಂದರು, ತಿಪ್ಪೇರುದ್ರಮ್ಮ ಎರಡು ಕೈಗೂ ಇಡಿಸಿಕೊಂಡಳು. ಖಲಂದರ ಎರಡು ಸಲ ಕೊಟ್ಟೂರಿಗೆ ಹೋಗಿ ಬಳೆ ತರಬೇಕಾಯಿತು. ಅಕ್ಕಿ ನಾಲ್ಕು ದಿನದಲ್ಲಿ ತೀರಿತು. ಐದನೆಯ ದಿನ ಸುಲ್ತಾನಬಿ ಬಳೆಯಿಂದ ಕೂಡಿದ ರೊಕ್ಕ ಕಟ್ಟಿಕೊಂಡು ದಾವಣಗೆರೆಗೆ ಹೋದಳು.

ಈಗ ಕೋಲೂರಿ ನಡೆಯುತ್ತಾಳೆ. ಮೊದಲ ಸಲ ದಂಡೆಗೆ ಬಂದ ದಿನ ಹರಿಗೋಲನ್ನು ಸುತ್ತು ಹಾಕಿ ನೋಡಿದಳು. ಒಡೆದವು ಒಡೆದು, ಅಂಚಿನಲ್ಲಿ ಎರಡು ಹಸಿರು ಬಳೆ ಇನ್ನೂ ಉಳಿದಿದ್ದವು. ಹತ್ತಿ ಕುಳಿತು ಅವನ್ನು ತನ್ನ ಸೆರಗಿನಿಂದ ಮುಚ್ಚಿದಳು.

"ಬಿಚ್ಚಂಗಿಲ್ಲಲ್ಲ, ಮುಚ್ಚಿದ್ರಾತು," ಎಂದಳು. "ನಡಿ. ಇವತ್ತು ಅಕ್ಕಿ ಹೊರೋ ಶಕ್ತಿ ನನಗಿಲ್ಲ."