ಸೂರ್ಯ ಸಿಡಿದ ಮಧ್ಯಾಹ್ನ ಬಿದ್ದ ಗೋಡೆ

ನನ್ನ ಎಡಗಿವಿಯ ಹಿಂದೆ ಐದು ಹೊಲಿಗೆಗಳಿವೆ. ಅರ್ಧ ತಪ್ಪು ಸೂರ್ಯನದು, ಅರ್ಧ ನನ್ನ ಬಾಯಿಯದು.

ಆಗ ಖಾಸಗಿ ಸರ್ವೇಯರ್ ಸಾಹೇಬರೊಬ್ಬರ ಜೊತೆ ಕೆಲಸ ಮಾಡುತ್ತಿದ್ದೆ. ಉಪಗ್ರಹದ ಸಂಕೇತ ಹಿಡಿದು ಜಾಗದ ಗಡಿ ತೋರಿಸುವ ಯಂತ್ರದ ಕೋಲು ನನ್ನ ಕೈಯಲ್ಲಿರುತ್ತಿತ್ತು. ಸಾಹೇಬರ ಮೂಗಿನ ದನಿಯೂ ನನ್ನ ಬಳಿಯೇ ಇತ್ತು. ಅದನ್ನು ಅಣಕಿಸಿ ಅವರಿಗಿಂತ ಚೆನ್ನಾಗಿ ಆಡುತ್ತಿದ್ದೆ.

ಗೋಪನಕೊಪ್ಪದ ಆ ಜಾಗ ಅಣ್ಣತಮ್ಮಂದಿರದು. ತಮ್ಮನ ಅಡುಗೆಮನೆಯ ಗೋಡೆ ತನ್ನ ಪಾಲಿಗೆ ನುಗ್ಗಿದೆ ಎಂದು ಅಣ್ಣನ ತಕರಾರು. ನುಗ್ಗಿದ್ದರೆ ಇವತ್ತೇ ಒಡೆಯುವುದೆಂದು ಮಾತಾಗಿತ್ತು. ಅಣ್ಣ ಸುತ್ತಿಗೆ ಹಿಡಿದೇ ನಿಂತಿದ್ದ. ತಮ್ಮನ ಕೈಯಲ್ಲಿ ಹಾರೆಕೋಲು.

ನಡುಮಧ್ಯಾಹ್ನ ಸಾಹೇಬರಿಗೆ ಫೋನ್ ಬಂತು. "ಅಂಕಿ ನಿಂತ ಮ್ಯಾಲ ನನ್ನ ಕರಿ. ಬಾಯಿ ಮುಚ್ಚಿಕೊಂಡಿರು," ಎಂದು ನನಗೆ ಹೇಳಿ ರಸ್ತೆಗೆ ಹೋದರು.

ಯಂತ್ರದ ತೆರೆಯ ಮೇಲೆ ಅಂಕಿ ನಿಲ್ಲಲಿಲ್ಲ. ಗಡಿ ಒಮ್ಮೆ ಗೋಡೆಯ ಆಚೆ, ಒಮ್ಮೆ ಈಚೆ ಕುಣಿಯಿತು.

"ಏನಾತೋ?" ಅಣ್ಣ ಕೇಳಿದ.

ನಾನು ಮೂಗು ಹಿಡಿದು ಸಾಹೇಬನಾದೆ: "ಗ್ವಾಡಿ ಎರಡು ಮೊಳ ನಿಮ್ಮ ಪಾಲಿನೊಳಗ ಬಂದೈತ್ರಿ. ಫೈನಲ್!"

ನಗುತ್ತಾರೆ ಎಂದುಕೊಂಡಿದ್ದೆ. ಸುತ್ತಿಗೆ ಎದ್ದಿತು. ಮೂರನೇ ಏಟಿಗೆ ಗೋಡೆ ಬಾಯಿ ಬಿಟ್ಟು, ಇಟ್ಟಿಗೆಗಳು ಸಾರಿನ ಪಾತ್ರೆಯ ಮೇಲೇ ಬಿದ್ದವು. "ಒಲಿ ಹತ್ತೈತ್ರಿ, ಭಾವಾರ!" ಒಳಗಿಂದ ತಮ್ಮನ ಹೆಂಡತಿ ಚೀರಿದಳು. ತಮ್ಮ ಹಾರೆಕೋಲು ಬೀಸಿದ. ಅಣ್ಣನ ಬಲಗೈ ಎಲುಬು ಮುರಿದ ಸದ್ದು ನನಗೆ ಕೇಳಿಸಿತು.

"ಚ್ಯಾಷ್ಟಿ ಮಾಡೇನ್ರಿ!" ಎಂದು ನಡುವೆ ಹಾರಿದೆ. ಗಾಬರಿಯಲ್ಲಿ ಅದೂ ಸಾಹೇಬರ ದನಿಯಲ್ಲೇ ಬಂತು. ಅಣ್ಣ ಎಡಗೈಯಿಂದ ಎಸೆದ ಇಟ್ಟಿಗೆ ನನ್ನ ಕಿವಿಗೆ ಬಡಿಯಿತು.

ಓಡಿಬಂದ ಸಾಹೇಬರು ರಕ್ತ ನೋಡಿ ತಲೆ ಹಿಡಿದುಕೊಂಡರು. "ಅಳತಿ ನಿಲ್ಲಸ್ರಿ ಅಂತನ ಫೋನ್ ಬಂದಿತ್ತಲೇ! ಸೂರ್ಯನ ಮ್ಯಾಲ ಸ್ಫೋಟ ಆಗೇತಂತ!"

ಹೊಲಿಗೆ ಹಾಕಿಸಿಕೊಂಡ ಮೇಲೆ ಅವರೇ ತಿಳಿಸಿ ಹೇಳಿದರು. ಸೂರ್ಯನ ಕಪ್ಪು ಕಲೆಯ ಬಳಿ ತಿರುಚಿಕೊಂಡ ಕಾಂತರೇಖೆಗಳು ಕಡಿದು ಸಿಡಿಯುತ್ತವೆ. ಆಗ ಹೊರಡುವ ಕಿರಣಗಳು ಎಂಟು ನಿಮಿಷದಲ್ಲಿ ಇಲ್ಲಿಗೆ ಬಂದು, ಮೇಲಿನ ತೆಳುಗಾಳಿಯ ಅಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತೆಸೆಯುತ್ತವೆ. ಆ ಗಲಾಟೆಯೊಳಗೆ ನುಸುಳಿ ಬರುವ ಉಪಗ್ರಹದ ಸಂಕೇತ ಚೂರು ತಡವಾದರೂ ಕೆಳಗೆ ಗಡಿ ಜಾರುತ್ತದೆ.

ಮೂರನೇ ದಿನ ಮತ್ತೆ ಅಳೆದೆವು. ಅಂಕಿ ಗಟ್ಟಿಯಾಗಿ ನಿಂತಿತು.

"ಹೇಳಪಾ," ಎಂದ ಅಣ್ಣ, ಕೈಗೆ ಪ್ಲಾಸ್ಟರ್. "ಇವತ್ತ ಯಾರ ದನಿಯೊಳಗ ಹೇಳ್ತಿ?"

"ನನ್ನ ದನಿಯೊಳಗರಿ. ಗ್ವಾಡಿ ನಿಮ್ಮ ತಮ್ಮನ ಜಾಗಾದಾಗ ಐತಿ."

ಅಣ್ಣ ಬಗ್ಗಿ, ಎಡಗೈಯಲ್ಲಿ ಒಂದು ಇಟ್ಟಿಗೆ ಎತ್ತಿ ಗೋಡೆಯ ಒಡಕಿನಲ್ಲಿ ಇಟ್ಟ.

"ಮುಟ್ಟಬ್ಯಾಡ," ಎಂದು ತಮ್ಮ ಅದನ್ನು ಒದ್ದ.

ಇಟ್ಟಿಗೆ ಉರುಳಿ ನನ್ನ ಕಾಲ ಬಳಿ ಬಂದು ನಿಂತಿತು. ಕಿವಿಗೆ ಬಡಿದದ್ದು ಅದೇ ಇರಬೇಕು, ನನ್ನ ಗುರುತು ಹಿಡಿದಂತಿತ್ತು.