ಹಿತ್ತಲಿನ ತಂತಿ

ನಮ್ಮ ಮಾವನ ಎಡಗೈ ಹೆಬ್ಬೆರಳಿನ ಉಗುರು ಸುಟ್ಟು ಕಂದುಬಣ್ಣಕ್ಕೆ ತಿರುಗಿತ್ತು. ಬೆಸುಗೆ ಹಾಕುವ ಸೋಲ್ಡರಿಂಗ್ ಐರನ್ ಕಾದಿದೆಯೋ ಇಲ್ಲವೋ ನೋಡಲು ಅದನ್ನು ಆ ಉಗುರಿನ ಹತ್ತಿರ ಹಿಡಿಯುತ್ತಿದ್ದರು. ಕೈ ತಪ್ಪಿದ ದಿನ ತಾಗಿಯೇಬಿಡುತ್ತಿತ್ತು. ಊಟ ಮಾಡುವ ಕೈ ಅಲ್ಲವಲ್ಲ, ಬಿಡು ಎಂದು ನಗುತ್ತಿದ್ದರು.

ಶಿಕಾರಿಪುರದಲ್ಲಿ ಅವರದು ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳಿಗೆ ಹೊಸದಾಗಿ ತಂತಿ ಸುತ್ತಿಕೊಡುವ ಅಂಗಡಿ. ಹೊಟ್ಟೆಪಾಡಿಗೆ ದಿನವೆಲ್ಲ ತಾಮ್ರದ ತಂತಿ ಸುತ್ತುವ ಮನುಷ್ಯ ಮನೆಗೆ ಬಂದಮೇಲಾದರೂ ಸುಮ್ಮನಿರಬೇಡವೇ? ಹಿತ್ತಲ ಕೋಣೆಯಲ್ಲಿ ಕೂತು ಪಿವಿಸಿ ಪೈಪಿನ ತುಂಡಿಗೆ ಮತ್ತೆ ತಂತಿಯನ್ನೇ ಸುತ್ತುತ್ತಿದ್ದರು. ಹಾಗೆ ಸುತ್ತಿ ಸುತ್ತಿ, ಒಂದು ಹಲಗೆಯ ಮೇಲೆ ತಾವೇ ರೇಡಿಯೊ ಮಾಡಿಕೊಂಡಿದ್ದರು. ಬರೀ ಕೇಳುವ ರೇಡಿಯೊ ಅಲ್ಲ, ಮಾತಾಡುವ ರೇಡಿಯೊ. ಸರ್ಕಾರದ ಪರೀಕ್ಷೆ ಬರೆದು ಲೈಸೆನ್ಸ್ ಪಡೆದ ಹ್ಯಾಮ್, ಅಂದರೆ ಹವ್ಯಾಸಕ್ಕೆ ರೇಡಿಯೊದಲ್ಲಿ ಮಾತಾಡುವವರು ಅವರು. ಬೆಳಿಗ್ಗೆ ಏಳೂವರೆಗೆ ಬೇರೆ ಬೇರೆ ಊರಿನ ಹ್ಯಾಮ್‌ಗಳೆಲ್ಲ ರೇಡಿಯೊದಲ್ಲಿ ಸೇರುತ್ತಿದ್ದರು. ಹಿರಿಯರೊಬ್ಬರು ಶಾಲೆಯ ಹಾಜರಿಯಂತೆ ಒಬ್ಬೊಬ್ಬರ ಲೈಸೆನ್ಸಿನ ಗುರುತಾದ ಕಾಲ್‌ಸೈನ್ ಕೂಗುವುದು, ಇವರು ಮೈಕಿನ ಸ್ವಿಚ್ ಒತ್ತಿ ಉತ್ತರ ಕೊಡುವುದು. ಆ ಹಾಜರಿ ತಪ್ಪಿದರೆ ಮಾವನಿಗೆ ತಿಂಡಿ ಇಳಿಯುತ್ತಿರಲಿಲ್ಲ.

ಸೊರಬದ ಕಡೆಯ ಉಳವಿಯಿಂದ ಸೊಸೆಯಾಗಿ ಬಂದ ಹೊಸದರಲ್ಲಿ ನನಗೆ ಇದೊಂದೂ ಗೊತ್ತಿರಲಿಲ್ಲ. ಹಿತ್ತಲಲ್ಲಿ ತೆಂಗಿನಮರದಿಂದ ಮಾಡಿನವರೆಗೆ ಚೊಕ್ಕವಾಗಿ ಒಂದು ತಂತಿ ಕಟ್ಟಿತ್ತು. ಇಷ್ಟು ಒಳ್ಳೆಯ ತಂತಿ ಇಟ್ಟುಕೊಂಡು ಈ ಮನೆಯವರು ಬಟ್ಟೆಯನ್ನು ಕಾಂಪೌಂಡಿನ ಮೇಲೆ ಹರವುತ್ತಾರಲ್ಲ, ಎಂಥ ಜನ ಎಂದುಕೊಂಡೆ. ಒದ್ದೆ ಸೀರೆ ಅದರ ಮೇಲೆ ಎಸೆದು, ಮಡಿಕೆ ಬಿಡಿಸಲು ಕೈ ಹಾಕಿದೆ. ಬೆರಳ ತುದಿಗೆ ಕೆಂಡ ತಾಗಿದಂತೆ ಚುರ್ ಎಂದಿತು. ಕಿರುಚಿಕೊಂಡೆ. ಅದು ರೇಡಿಯೊದ ಆಂಟೆನಾ, ಮಾತಾಡಲು ಸ್ವಿಚ್ ಒತ್ತಿದಾಗ ಮಾತ್ರ ಸುಡುತ್ತದೆ; ಒಳಗೆ ಮಾವ ಆಗಷ್ಟೇ ಸ್ವಿಚ್ ಒತ್ತಿ ಮಾತು ಶುರು ಮಾಡಿದ್ದರಂತೆ.

ಓಡಿ ಬಂದರು. ಬೈಸಿಕೊಳ್ಳಲು ತಯಾರಾಗಿ ನಿಂತಿದ್ದೆ. ನನ್ನ ಬೆರಳು ನೋಡಿ ಅವರ ಮುಖವೇ ಬಿಳಿಚಿಕೊಂಡಿತು. ಅವತ್ತು ಅಂಗಡಿ ತೆರೆಯಲಿಲ್ಲ. ಏಣಿ ಇಟ್ಟು ತಂತಿಯನ್ನು ಯಾರ ಕೈಗೂ ಎಟುಕದಷ್ಟು ಎತ್ತರಕ್ಕೆ ಕಟ್ಟಿದರು. ಅದರ ಕೆಳಗೆ ನನ್ನ ಬಟ್ಟೆಗೆಂದು ನೈಲಾನ್ ಹಗ್ಗ ಎಳೆದುಕೊಟ್ಟರು. ಮರುದಿನದಿಂದ ಸ್ವಿಚ್ ಒತ್ತುವ ಮುಂಚೆ ಕಿಟಕಿಯಿಂದ ಕೂಗಿ ಹೇಳುವುದೊಂದು ಪದ್ಧತಿಯಾಯಿತು.

“ತಂತಿ ಮುಟ್ಬ್ಯಾಡವ್ವಾ.”

ಹಾರಿದರೂ ಸಿಗದ ತಂತಿ. ಆದರೂ ಹದಿನೆಂಟು ವರ್ಷ, ದಿನಾ ಬೆಳಿಗ್ಗೆ ಅದೇ ಕೂಗು. ನಾನು ತವರಿಗೆ ಹೋದಾಗಲೂ ಖಾಲಿ ಹಿತ್ತಲಿಗೆ ಕೂಗುತ್ತಿದ್ದರೆಂದು ನನ್ನ ಗಂಡ ಆಡಿಕೊಳ್ಳುತ್ತಿದ್ದರು.

ಕೆಲವು ಭಾನುವಾರ ಸ್ಕೂಟರಿಗೆ ರೇಡಿಯೊ, ಬ್ಯಾಟರಿ ಕಟ್ಟಿಕೊಂಡು ಅಂಬ್ಲಿಗೊಳ ಜಲಾಶಯದ ಏರಿಗೆ ಹೋಗಿ, ಮರಕ್ಕೆ ತಂತಿ ಎಸೆದು ಕೂರುತ್ತಿದ್ದರು. ಮೀನು ಸಿಕ್ಕಿತೇನ್ರೀ ಎಂದು ಯಾರಾದರೂ ಕೇಳಿದರೆ, ಕೊಲಂಬೊದ್ದು ಒಂದು ಸಿಕ್ಕಿತು ಅನ್ನುವರು. ಎಲ್ಲರ ಕೈಯಲ್ಲೂ ಮೊಬೈಲ್ ಇರುವಾಗ ಇದೆಲ್ಲ ಯಾಕೆ ಎಂದು ನಾನೂ ಒಮ್ಮೆ ಕೇಳಿದ್ದೆ.

“ಫೋನಿನಾಗೆ ನಮಗೆ ಬೇಕಾದೋರ ಜೊತಿ ಮಾತಾಡ್ತೀವಿ. ಇದ್ರಾಗೆ ಯಾರು ಓಗೊಡ್ತಾರೋ ಅವರೇ ಬೇಕಾದೋರು,” ಅಂದಿದ್ದರು.

ಚಹಾ ಕೊಡಲು ಹೋದವಳು ಬರಬರುತ್ತಾ ಅಲ್ಲೇ ಕೂರುವಂತಾದೆ. ಕಾಯಿಲ್ ಸುತ್ತುವುದು, ಬೆಸುಗೆ ಹಾಕುವುದು ಎಲ್ಲ ಕಲಿಸಿದರು. ಮೈಕ್ ಮಾತ್ರ ಮುಟ್ಟಗೊಡಲಿಲ್ಲ. ಲೈಸೆನ್ಸ್ ಇಲ್ಲದವರು ಸ್ವಿಚ್ ಒತ್ತಬಾರದು, ಅದು ಅವರ ನೇಮ. ನೀನೂ ಪರೀಕ್ಷೆಗೆ ಕಟ್ಟು ಎಂದು ಬೆನ್ನುಹತ್ತಿದ್ದರು. ನಾನು ಎಸ್ಸೆಸ್ಸೆಲ್ಸಿ ಗಣಿತವನ್ನೇ ಎರಡನೇ ಸಲಕ್ಕೆ ಪಾಸು ಮಾಡಿದವಳು. ಈ ವಯಸ್ಸಿನಲ್ಲಿ ಫೇಲಾದರೆ ನಾಲ್ಕು ಜನ ನಗುವುದಿಲ್ಲವೇ? ಮುಂದಿನ ಸಲ ಕಟ್ಟುತ್ತೇನೆ ಮಾವ ಎಂದು ವರ್ಷಗಳನ್ನೇ ದಾಟಿಸಿದೆ.

ಆಮೇಲೆ ಅವರಿಗೆ ಗಂಟಲಿನ ಕಾಯಿಲೆ ಬಂತು. ಆಪರೇಷನ್ ಆಗಿ ದನಿ ಹೋಯಿತು. ಹಾಜರಿ ಮಾತ್ರ ಬಿಡಲಿಲ್ಲ. ಕಾಲ್‌ಸೈನ್ ಕೂಗಿದಾಗ ಸ್ವಿಚ್ ಒತ್ತಿ, ಆ ಸುಟ್ಟ ಉಗುರಿನಿಂದ ಮೈಕಿಗೆ ಎರಡು ಸಲ ಟಕ್ ಟಕ್ ಎಂದು ತಟ್ಟುತ್ತಿದ್ದರು. ಗೊತ್ತಾಯ್ತು ಸರ್, ಇದ್ದೀರಿ ಎಂದು ಆ ಹಿರಿಯರು ಮುಂದಿನ ಹೆಸರಿಗೆ ಹೋಗುತ್ತಿದ್ದರು. ಅದಕ್ಕೂ ಮುಂಚೆ ಕಿಟಕಿಯ ಸರಳಿಗೆ ಸ್ಕ್ರೂಡ್ರೈವರಿನಿಂದ ಎರಡು ಏಟು ಬೀಳುತ್ತಿತ್ತು. ದನಿ ಹೋದರೂ ನನ್ನನ್ನು ಎಚ್ಚರಿಸುವುದು ಬಿಡಲಿಲ್ಲ ಅವರು. ಬಟ್ಟೆ ಒಣಗಿಸುತ್ತಿದ್ದ ನಾನು ಆ ಸದ್ದು ಕೇಳಿದಾಗಲೆಲ್ಲ ಮುಟ್ಟಲ್ಲ ಮಾವ ಎಂದು ಕೂಗಿ ಹೇಳುತ್ತಿದ್ದೆ.

ಒಂದು ದಿನ ಸ್ಲೇಟಿನ ಮೇಲೆ ಬರೆದು ತೋರಿಸಿದರು: “ಹಾಜರಿಗೆ ಈ ಮನೆಯಿಂದ ಒಂದು ದನಿ ಬರಲಿ. ನಾನಿರುವಾಗಲೇ ಕೇಳಬೇಕು.”

ಈ ಸಲ ಖಂಡಿತ ಎಂದು ಅರ್ಜಿ ತರಿಸಿದೆ. ತುಂಬಲಿಲ್ಲ. ಅದು ರೇಡಿಯೊದ ಪಕ್ಕದಲ್ಲೇ ಧೂಳು ಹಿಡಿಯಿತು. ಮೂರು ತಿಂಗಳಿಗೆ ಮಾವ ಹೋದರು.

ಮಣ್ಣು ಮಾಡಿ ಬಂದ ಮರುದಿನ, ಏಳೂವರೆಗೆ ಏನೂ ತೋಚದೆ ರೇಡಿಯೊ ಹಾಕಿದೆ. ಹಾಜರಿ ಕೂಗುವ ಹಿರಿಯರಿಗೆ ಸುದ್ದಿ ಇನ್ನೂ ಮುಟ್ಟಿರಲಿಲ್ಲ. ಮಾವನ ಕಾಲ್‌ಸೈನ್ ಕೂಗಿದರು, ಕಾದರು, ಮತ್ತೆ ಕೂಗಿದರು.

“ಸರ್, ನಿಮ್ಮ ಟಕ್ ಟಕ್ ಕೇಳಲಿಲ್ಲ. ಇನ್ನೊಂದ್ಸಲ ಮಾಡಿ.”

ಮೈಕ್ ಗೇಣು ದೂರದಲ್ಲಿತ್ತು. ಕೈ ಚಾಚಿದೆ. ಮಾವನ ನೇಮ ನೆನಪಾಗಿ ಹಿಂದಕ್ಕೆ ತೆಗೆದುಕೊಂಡೆ. ಅತ್ತ ಹಿರಿಯರು ಕಾಯುತ್ತಲೇ ಇದ್ದರು, ನಾನು ಬಾಯಿಗೆ ಸೆರಗು ಒತ್ತಿಕೊಂಡು ಕೂತಿದ್ದೆ. ಆಮೇಲೆ ನನ್ನ ಗಂಡ ಅವರಿಗೆ ಫೋನ್ ಮಾಡಿ ವಿಷಯ ತಿಳಿಸಿದರು.

ಆ ವಾರವೇ ಅರ್ಜಿ ತುಂಬಿದೆ. ಮೊದಲ ಸಲ ಫೇಲಾದೆ, ಯಾರೂ ನಗಲಿಲ್ಲ. ಎರಡನೇ ಸಲಕ್ಕೆ ಪಾಸಾದೆ. ಪೊಲೀಸ್ ವಿಚಾರಣೆ ಮುಗಿದು ಲೈಸೆನ್ಸ್ ಕೈಗೆ ಬರಲು ಇನ್ನಷ್ಟು ತಿಂಗಳು ಹಿಡಿಯಿತು. ಇಷ್ಟೇ ಕೆಲಸವನ್ನು ಅವರಿರುವಾಗ ಮಾಡಲಿಲ್ಲವಲ್ಲ ಎಂಬುದನ್ನು ಇವತ್ತಿಗೂ ನನಗೆ ನುಂಗಿಕೊಳ್ಳಲಾಗುವುದಿಲ್ಲ.

ಲೈಸೆನ್ಸ್ ಬಂದಮೇಲೆ ನನ್ನ ಕಾಲ್‌ಸೈನನ್ನು ಹಾಜರಿಯ ಕೊನೆಗೆ ಸೇರಿಸಿಕೊಂಡರು. ಮೊದಲ ದಿನ ಕೂಗಿದಾಗ ಮೈಕ್ ಎತ್ತಿಕೊಂಡವಳು, ಸ್ವಿಚ್ ಒತ್ತದೆ, ಕಿಟಕಿಗೆ ಮುಖ ಮಾಡಿ ತಂತಿ ಮುಟ್ಟಬೇಡಿ ಎಂದು ಕೂಗಿದೆ. ಹಿತ್ತಲಲ್ಲಿ ಯಾರೂ ಇರಲಿಲ್ಲ. ಮಾವ ಕಟ್ಟಿಕೊಟ್ಟ ಹಗ್ಗದ ಮೇಲೆ ನನ್ನ ಸೀರೆ ಒಣಗುತ್ತಿತ್ತು.

ಸ್ವಿಚ್ ಒತ್ತಿದೆ. ಎಷ್ಟೋ ದಿನದಿಂದ ಬಾಯಿಪಾಠ ಮಾಡಿಕೊಂಡಿದ್ದ ಮಾತು, ಒಂದೂ ಹೊರಡಲಿಲ್ಲ. ಕೊನೆಗೆ ಉಗುರಿನಿಂದ ಮೈಕಿಗೆ ಎರಡು ಸಲ ತಟ್ಟಿದೆ.

ಅತ್ತ ಕಡೆಯಿಂದ ಆ ಹಿರಿಯರ ದನಿ ಬಂತು.

“ಗೊತ್ತಾಯ್ತಮ್ಮ. ಇದ್ದೀರಿ.”